ಎಲ್ಲರಿಗಿಂತ ಜೋರಾದ ತಂಡ

“ಗುರುಗಳೇ, ನಮ್ಮ ಭಜನಾ ಮಂಡಳಿಯಿಂದ ಸಾಧಾರಣ ದನಿಯವರನ್ನೆಲ್ಲ ಕೈಬಿಟ್ಟು, ಅತ್ಯುತ್ತಮರನ್ನಷ್ಟೇ ಇಟ್ಟುಕೊಂಡರೆ ಏನು ತಪ್ಪು?” ಎಂದು ಶಿಷ್ಯ ಪಂಪಾಪತಿ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ಡ್ರಮ್ಮರ್ ಇದ್ದ. ಹಾರ್ಡ್ ರಾಕ್ ಎಂಬ ಅಬ್ಬರದ ಸಂಗೀತದಲ್ಲಿ ಅವನಿಗೆ ಸಮಾನರಿರಲಿಲ್ಲ. ಅವನ ತಂಡದ ಉಳಿದವರು ಸಾಧಾರಣರು. ಅವನು ಮೈಮರೆತು ಬಾರಿಸತೊಡಗಿದರೆ ಅವರಲ್ಲೊಬ್ಬ ಗೆಳೆಯ ಹತ್ತಿರ ಬಂದು, “ಮೆಲ್ಲಗೆ ಕಣೋ” ಎನ್ನುತ್ತಿದ್ದ. ಡ್ರಮ್ಮರನಿಗೆ ಇದು ಸಾಕಾಗಿಹೋಗಿತ್ತು.

ಅದೇ ನಗರದ ಬೇರೆ ಮೂರು ತಂಡಗಳಲ್ಲಿ ಒಬ್ಬ ಗಾಯಕ, ಒಬ್ಬ ಗಿಟಾರ್ ವಾದಕ, ಒಬ್ಬ ಬೇಸ್ ಗಿಟಾರ್ ವಾದಕ ಇದ್ದರು. ಮೂವರೂ ಹೆಸರಾಂತರು. ಮೂವರಿಗೂ ತಮ್ಮ ತಮ್ಮ ತಂಡ ಸಾಕಾಗಿತ್ತು. ನಾಲ್ವರೂ ಬಿಟ್ಟುಬಂದು ಒಂದಾದರು. ಮೊದಲ ಕಾರ್ಯಕ್ರಮಕ್ಕೆ ಮೈದಾನ ತುಂಬಿತು. ಒಬ್ಬರ ವಿದ್ಯೆಗೆ ಒಬ್ಬರು ಬೆರಗಾಗುತ್ತ ನುಡಿಸಿದರು. ಜನ ಹುಚ್ಚೆದ್ದು ಕುಣಿದರು. ಡ್ರಮ್ಮರ್ ಮನೆಗೆ ಹೋಗಿ ಸಂತೋಷಕ್ಕೆ ಅತ್ತುಬಿಟ್ಟ.

ಎರಡನೆಯ ಕಾರ್ಯಕ್ರಮದಲ್ಲಿ ಗಿಟಾರ್ ವಾದಕ ತನ್ನ ಸದ್ದನ್ನು ತುಸು ಏರಿಸಿದ. ಬೇಸ್ ವಾದಕ ಸುಮ್ಮನಿರುತ್ತಾನೆಯೇ? ಅವನೂ ಏರಿಸಿದ. ಗಾಯಕ ತನಗೆಂದೇ ಆಳೆತ್ತರದ ಸ್ಪೀಕರ್ ತರಿಸಿದ. ಡ್ರಮ್ಮಿಗೆ ಸದ್ದು ಏರಿಸಲು ತಿರುಗಿಸುವ ಗುಂಡಿ ಇಲ್ಲವಲ್ಲ. ಡ್ರಮ್ಮರ್ ಇನ್ನೂ ದಪ್ಪನೆಯ ಕೋಲು ಮಾಡಿಸಿಕೊಂಡ. ಕೇಳಲು ಬಂದವರು ಕಿವಿಗೆ ಹತ್ತಿ ತುರುಕಿಕೊಂಡರು. ಆದರೂ ಬರುತ್ತಿದ್ದರು. ದೊಡ್ಡ ಹೆಸರಲ್ಲವೇ?

ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ಡ್ರಮ್ಮರ್ ಹಾಡು ಮುಗಿಸಿ, ಕೋಲು ಎತ್ತಿಹಿಡಿದು ನಿಂತ. ಗಾಯಕ ಇನ್ನೂ ಹಾಡುತ್ತಲೇ ಇದ್ದ. ಅದು ಬೇರೆಯೇ ಹಾಡು. ಗಿಟಾರ್ ವಾದಕ ನುಡಿಸುತ್ತಿದ್ದುದು ಇನ್ನೊಂದು. ಜನ ಎಂದಿನಂತೆ ಚಪ್ಪಾಳೆ ತಟ್ಟಿದರು.

“ಇವತ್ತು ನಾವು ನುಡಿಸಿದ್ದು ಯಾವ ಹಾಡು?” ಎಂದು ಡ್ರಮ್ಮರ್ ವೇದಿಕೆಯ ಹಿಂದೆ ಕೇಳಿದ. ಇಬ್ಬರು ಎರಡು ಹೆಸರು ಹೇಳಿದರು. ಬೇಸ್ ವಾದಕ, “ಹಾಡು ಶುರುವಾಗಿತ್ತಾ? ನಾನಿನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದೆ” ಎಂದ. ಕೈಕೈ ಮಿಲಾಯಿಸಿದರು. ತಂಡ ಅಲ್ಲಿಗೇ ಮುರಿಯಿತು.

ಡ್ರಮ್ಮರ್ ನಾಚಿಕೊಂಡೇ ತನ್ನ ಹಳೆಯ ತಂಡದ ಕೋಣೆಗೆ ಹೋದ. ಅವನ ಜಾಗದಲ್ಲಿ ಹೊಸಬನೊಬ್ಬ ಕುಳಿತು ಸುಮಾರಾಗಿ ಬಾರಿಸುತ್ತಿದ್ದ. ಆದರೆ ಅಲ್ಲಿದ್ದವರೆಲ್ಲ ಒಂದೇ ಹಾಡನ್ನು ನುಡಿಸುತ್ತಿದ್ದರು. ಡ್ರಮ್ಮರ್ ಹೊಸ್ತಿಲ ಮೇಲೆ ಕುಳಿತು, ಎಷ್ಟೋ ತಿಂಗಳ ಮೇಲೆ ಒಂದು ಹಾಡನ್ನು ಪೂರ್ತಿ ಕೇಳಿದ. ಹಾಡು ಮುಗಿದಾಗ ಹಳೆಯ ಗೆಳೆಯ ಎದ್ದು ಬಂದು ಅವನ ಮುಂದೆ ನಿಂತ.

ಇಷ್ಟು ಹೇಳಿ ಗುರುಗಳು ಉಸಿರು ತೆಗೆದುಕೊಂಡರು.

“ತಿಳಿಯಿತು ಗುರುಗಳೇ!” ಪಂಪಾಪತಿ ಎದ್ದೇ ನಿಂತ. “ಆ ನಾಲ್ವರಲ್ಲಿ ಒಬ್ಬನಾದರೂ ಇನ್ನೊಬ್ಬನಿಗೆ ಕಿವಿಗೊಡಲಿಲ್ಲ. ಅದೇ ಅವರ ತಪ್ಪು!”

ಗುರುಗಳು ಹೇಳಿದರು: “ನಾನಿನ್ನೂ ಕತೆ ಮುಗಿಸಿರಲಿಲ್ಲ.”