ಆಲದ ಮರದ ಬಾಡಿಗೆ ಸಭೆ

ಆಲದ ಮರದ ಪೊಟರೆಗಳಿಗೆಲ್ಲ ಉದ್ದ ಬಾಲದ ಮುಸುವ ಕೋತಿಯೇ ಮೇಲ್ವಿಚಾರಕ. ಒಂದು ಬೆಳಿಗ್ಗೆ ಅದು ಬಾಡಿಗೆದಾರರನ್ನು ಕರೆದು, "ನಿಮ್ಮ ಮಾತೇ ಅಂತಿಮ. ಬಾಡಿಗೆ ದಿನಕ್ಕೆ ಎರಡು ಹಣ್ಣಾಗಬೇಕೋ, ಮೂರೋ?" ಎಂದು ಕೇಳಿತು.

"ಈಗಿರುವ ಒಂದೇ ಸಾಕು," ಎಂದಿತು ಅಳಿಲು.

"ನಾನು ಕೇಳಿದ್ದು ಅದನ್ನಲ್ಲ."

"ಹಾಗಾದರೆ ನಾವು ಕೇಳುತ್ತೇವೆ, ಯಜಮಾನರೇ. ಕಸ ಗುಡಿಸುವುದಕ್ಕೆಂದು ಬೇರೆಯಾಗಿ ಕೊಟ್ಟ ಹಣ್ಣುಗಳೆಲ್ಲಿ?"

ಉತ್ತರಿಸಲು ಮುಸುವ ಬಾಯಿ ತೆರೆಯಿತು. ಬಂದದ್ದು ದೊಡ್ಡ ತೇಗು!

ಗಿಳಿಗಳು ನಕ್ಕು ನಕ್ಕು ಕೊಂಬೆಯಿಂದ ತಲೆಕೆಳಗಾಗಿ ಜೋತಾಡಿದವು. ಮುಸುವಕ್ಕೂ ನಗು ತಡೆಯಲಾಗಲಿಲ್ಲ. "ತಿಂದದ್ದು ತಿಂದಾಯಿತು. ಈಗೇನು ಮಾಡಲಿ?" ಎಂದಿತು.

"ಗುಡಿಸಿ! ಬಾಲವಿದೆಯಲ್ಲ!" ಎಂದು ಎಲ್ಲವೂ ಕೂಗಿದವು.

ಮುಸುವ ಕೊಂಬೆಕೊಂಬೆಯನ್ನೂ ಬಾಲದಿಂದ ಗುಡಿಸಿತು. ಬಾಡಿಗೆ ಏರಲಿಲ್ಲ, ಅಳಿಲಿನ ಮರಿಗಳು ಮಾತ್ರ ಆ ಬಾಲವನ್ನೇರಿ ಸಂಜೆಯವರೆಗೂ ಸವಾರಿ ಮಾಡಿದವು.