ವೀರಗಲ್ಲು ಮುಟ್ಟಿ ಓಡಿದವರು

"ಗುರುಗಳೇ, ಹಿರಿಯರು ನಡೆದ ದಾರಿಯಲ್ಲಿ ತಪ್ಪದೆ ನಡೆದರೆ ಸಾಲದೆ? ಇನ್ನೇನು ಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಹಳೆಯ ಕೋಟೆ. ಅದರ ಕೆಳಗೆ ಒಂದು ಊರು. ಹಿಂದೆ ಶತ್ರುಗಳು ಮುತ್ತಿಗೆ ಹಾಕಿದಾಗ ಕಾವಲಿನವನೊಬ್ಬ ಗಾಯಗೊಂಡ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಕೋಟೆಯಿಂದ ಕೆರೆಯ ಕಡೆಗೆ ಓಡಿದ್ದ. ನಡುದಾರಿಯಲ್ಲಿ ಬಾಣ ತಗುಲಿ ಸತ್ತ. ಅವನು ಬಿದ್ದಲ್ಲಿ ಊರವರು ವೀರಗಲ್ಲು ನಿಲ್ಲಿಸಿದರು. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಓಟ. ಕೋಟೆಯ ಬಾಗಿಲಿನಿಂದ ಹೊರಟು, ಪಾಳು ಮಂಟಪಗಳ ನಡುವೆ ಇಳಿದು, ಹೊಲಗಳನ್ನು ದಾಟಿ ಕೆರೆಯ ಏರಿ ಸೇರಬೇಕು. ದಾರಿಯಲ್ಲಿ ವೀರಗಲ್ಲಿಗೆ ಕುಂಕುಮ ಹಚ್ಚಿ ಕೈಮುಗಿಯದವನು ಮೊದಲು ಬಂದರೂ ಗೆದ್ದಂತಲ್ಲ.

ಒಂದು ವರ್ಷ ಬಿಸಿಲು ವಿಪರೀತವಾಗಿತ್ತು. ಜಕ್ಕಣ್ಣನೆಂಬ ಕುರುಬ ಎಲ್ಲರಿಗಿಂತ ಮುಂದಿದ್ದ. ಅವನ ಹಿಂದೆ ಮೌನೇಶನೆಂಬ ಕಮ್ಮಾರ. ಇಬ್ಬರೂ ಒಟ್ಟಿಗೆ ಆಡಿ ಬೆಳೆದವರು.

ಮೌನೇಶ ವೀರಗಲ್ಲಿನ ಬಳಿ ಬಂದಾಗ ಜಕ್ಕಣ್ಣ ಕಲ್ಲಿಗೆ ಒರಗಿ ಕುಳಿತಿದ್ದ. ತಲೆ ಎದೆಯ ಮೇಲೆ ವಾಲಿತ್ತು. ಸುಸ್ತಾಗಿರಬೇಕು, ಹಿಂದೆ ಬರುವವರು ನೋಡಿಕೊಳ್ಳುತ್ತಾರೆ ಎಂದುಕೊಂಡ ಮೌನೇಶ. ಗೆಳೆಯನ ತಲೆಯ ಮೇಲಿಂದ ಕೈ ಚಾಚಿ ಕುಂಕುಮ ಹಚ್ಚಿದ. ಕೈಮುಗಿದು ಓಡಿದ. ಮೊದಲಿಗನಾಗಿ ಏರಿ ಸೇರಿದ. ಜನ ಹಾರ ಹಾಕಿದರು.

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಜಕ್ಕಣ್ಣ ಬರಲಿಲ್ಲ.

"ಅವನನ್ನು ಎಬ್ಬಿಸಲಿಲ್ಲವೇನೋ?" ಎಂದು ಮೌನೇಶ ಕೊನೆಗೆ ಬಂದವನನ್ನು ಕೇಳಿದ.

"ಮೊದಲು ಕಂಡವನು ನೀನು. ನೀನೇ ಮಾತಾಡಿಸಿರುತ್ತೀಯ ಅಂದುಕೊಂಡೆ."

ಮೌನೇಶ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದ. ಜನ ಅವನ ಹಿಂದೆ ಓಡಿದರು. ಜಕ್ಕಣ್ಣ ಹಾಗೆಯೇ ಕುಳಿತಿದ್ದ. ಗಲ್ಲ ಹಿಡಿದು ಮುಖ ಎತ್ತಿದರೆ ಕಣ್ಣುಗಳು ತೆರೆದೇ ಇದ್ದವು, ಅಲುಗಲಿಲ್ಲ. ಅಷ್ಟೂ ಜನರ ಕೈಯಿಂದ ಉದುರಿದ ಕುಂಕುಮ ಅವನ ಕೂದಲಲ್ಲಿ, ಹೆಗಲ ಮೇಲೆ ಕೆಂಪಗೆ ಹರಡಿತ್ತು. ಹತ್ತಿರದಲ್ಲೇ ಬಾವಿ ಇತ್ತು. ಬಾವಿಯಲ್ಲಿ ನೀರೂ ಇತ್ತು.

ಮೌನೇಶ ಕೊರಳಲ್ಲಿ ಹಾರವಿದ್ದ ಹಾಗೆಯೇ ನೆಲಕ್ಕೆ ಕುಸಿದ. ಬಹಳ ಹೊತ್ತಿನ ಮೇಲೆ ಊರಿನ ಹಿರಿಯ ಹೇಳಿದ: "ಓಡುತ್ತಲೇ ಪ್ರಾಣ ಬಿಟ್ಟವನು. ಇವನಿಗೂ ಒಂದು ಕಲ್ಲು ನಿಲ್ಲಿಸೋಣ." ಎಲ್ಲರೂ ತಲೆದೂಗಿದರು.

ಮರುವರ್ಷ ಓಟಗಾರರಿಗೆ ಎರಡು ಕಲ್ಲುಗಳಿದ್ದವು. ಮೌನೇಶ ಓಡಲಿಲ್ಲ. ನೀರಿನ ಕೊಡ ಇಟ್ಟುಕೊಂಡು ದಾರಿಯ ನಡುವೆಯೇ ಕುಳಿತ. ಬಂದವರ ತೋಳು ಹಿಡಿದು ನಿಲ್ಲಿಸಿದ, ಮುಖ ನೋಡಿದ, ನೀರು ಕುಡಿಸಿಯೇ ಬಿಟ್ಟ. ಓಟಗಾರರು ಸಿಡುಕಿದರು. ಒಬ್ಬ, "ಗೆಲ್ಲೋ ಓಟ ಕೆಡಿಸ್ತೀಯಲ್ಲ, ದಾರಿ ಬಿಡೋ!" ಎಂದು ಕೊಡವನ್ನು ಒದ್ದು ಹೋದ. ಮೌನೇಶ ಬಾವಿಗೆ ಹೋಗಿ ಕೊಡ ತುಂಬಿಕೊಂಡು ಬಂದು ಅಲ್ಲೇ ಕುಳಿತ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಆ ವರ್ಷ ಗೆದ್ದವರು ಯಾರು, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ನೀನೂ ಓಡುತ್ತಲೇ ಇದ್ದೀಯಲ್ಲ, ಮಗು."