ಗರಡಿಯ ತೋಳಬಂದಿ

ಬನ್ರೋ, ಒತ್ತೊತ್ತಾಗಿ ಕೂತ್ಕೊಳ್ಳಿ. ನಾನು ಹೇಳ್ತಾ ಇದ್ದರೆ ಯಾರಾದರೂ ಒಬ್ಬರು ಹೂಂ ಅನ್ನಬೇಕು, ಇಲ್ಲದಿದ್ದರೆ ನನ್ನ ಬಾಯಿಂದ ಮಾತು ಹೊರಡೋದಿಲ್ಲ. ಮೊದಲೇ ಹೇಳಿಬಿಡ್ತೀನಿ, ಇದು ನಗೋ ಕಥೆ ಅಲ್ಲ. ನಗು ಬೇಕಾದೋರು ಪಕ್ಕದ ಜಗಲಿಗೆ ಹೋಗಿ, ಅಲ್ಲಿ ನನ್ನ ತಮ್ಮ ಕೋತಿ ಕಥೆ ಹೇಳ್ತಾನೆ.

ಹೊನ್ನಗುಡ್ಡ ಅಂತ ಒಂದು ರಾಜ್ಯ. ರಾಚನಾಯಕ ಅಂತ ಅದಕ್ಕೊಬ್ಬ ರಾಜ. ರಾಜನಿಗೆ ಕುಸ್ತಿ ಅಂದರೆ ಪ್ರಾಣ. ಊರಲ್ಲೊಂದು ಗರಡಿಮನೆ, ಗರಡಿಯಲ್ಲಿ ಹನುಮಪ್ಪನ ಗೂಡು, ಗೂಡಿನಲ್ಲಿ ಬೆಳ್ಳಿಯ ತೋಳಬಂದಿ. ಮಹಾನವಮಿ ದಿನ ಗರಡಿಯ ಹುಡುಗರು ಅರಮನೆ ಅಂಗಳಕ್ಕೆ ಬಂದು, ಒಬ್ಬೊಬ್ಬರಾಗಿ ಆ ಬಂದಿಯನ್ನು ತೋಳಿಗೇರಿಸಿ ಗದೆ ತಿರುಗಿಸಬೇಕು. ಮುನ್ನೂರು ಸುತ್ತು ತಿರುಗಿಸಿದರೂ ಬಂದಿ ಜಾರದೆ ನಿಂತರೆ ಅವನೇ ರಾಜ್ಯದ ಜಟ್ಟಿ. ಜಾರಿದರೆ ಮನೆಗೆ. ಒಬ್ಬನಿಗೆ ಮೂರೇ ಸಲ ಅವಕಾಶ. ಮೂರನೇ ಸಲವೂ ಜಾರಿತೋ, ಅವನು ಮತ್ತೆ ಗರಡಿ ಮಣ್ಣು ಮೆಟ್ಟೋ ಹಾಗಿಲ್ಲ. ರಾಜನ ಅಪ್ಪಣೆ. ಯಾಕೆ ಮೂರೇ ಅಂತ ನನ್ನ ಕೇಳಬೇಡಿ. ಆ ಕಾಲದಲ್ಲಿ ಯಾರೂ ಕೇಳಲಿಲ್ಲ.

ಅದೇ ಊರಲ್ಲಿ ಪುಟ್ಟೀರವ್ವ ಅಂತ ಒಬ್ಬಳು ಹೆಣ್ಣುಮಗಳು. ಮನೆಮನೆಯ ರಾಗಿ ಬೀಸಿ ಬದುಕೋಳು. ಮಾರಿಬೇನೆ ಬಂದಾಗ ಅಪ್ಪ ಅವ್ವ ಒಂದೇ ವಾರದಲ್ಲಿ ಹೋದರು. ತೊಟ್ಟಿಲಲ್ಲಿ ಉಳಿದದ್ದು ತಮ್ಮ, ಕರಿಗ. ಅವನನ್ನು ತೊಡೆ ಮೇಲೆ ಹಾಕಿಕೊಂಡೇ ಬೀಸಿದಳು. ಸಂಬಂಧ ಬಂದರೆ ಬೇಡ ಅಂದಳು. ಲೋಕದಲ್ಲಿ ಅವಳಿಗಿದ್ದದ್ದು ಅವನೊಬ್ಬನೇ. ನೆನಪಿಟ್ಟುಕೊಳ್ಳಿ, ಅವನೊಬ್ಬನೇ.

ಕರಿಗ ಬೆಳೆದ. ಆದರೆ ಬರೀ ಉದ್ದಕ್ಕೆ. "ಕಡ್ಡಿ ಪೈಲ್ವಾನ್ ಬಂದ, ದಾರಿ ಬಿಡ್ರೋ, ಗಾಳಿಗೆ ಹಾರಿಹೋದಾನು!" ಅಂತ ಊರ ಹುಡುಗರು ಆಡಿಕೊಂಡರು. ಕರಿಗನಿಗೆ ಹಟ ಬಂತು. ಹೋಗಿ ಗರಡಿಯ ಉಸ್ತಾದ್ ಹುಚ್ಚಯ್ಯನ ಕಾಲಿಗೆ ಬಿದ್ದ.

ಹುಚ್ಚಯ್ಯ ಮುದುಕ. ಮೈಯಲ್ಲಿ ಕೊಬ್ಬಿಲ್ಲ, ಹುಣಿಸೆ ಕೊರಡಿನಂಥ ಆಳು. "ಮೊದಲ ವರ್ಷ ಕುಸ್ತಿ ಇಲ್ಲ," ಅಂದ. "ಗುದ್ದಲಿ ಹಿಡಿ. ದಿನಾ ಬೆಳಗಾಗೋ ಮುಂಚೆ ಈ ಕೆಮ್ಮಣ್ಣು ಅಗಿ, ಹದ ಮಾಡು. ಆಮೇಲೆ ಬಸ್ಕಿ, ದಂಡೆ. ಇವತ್ತು ಹತ್ತು, ನಾಳೆ ಹನ್ನೊಂದು. ಮುದ್ದೆ ಉಣ್ಣು, ಹುರುಳಿಕಾಳು ತಿನ್ನು, ಹಾಲು ಕುಡಿ. ಕೋಳಿ ಗೂಡು ಸೇರೋ ಹೊತ್ತಿಗೆ ಮಲಗು. ವಾರಕ್ಕೊಂದು ದಿನ ಗದೆ ಮುಟ್ಟಬೇಡ. ಗರಡಿಯ ಸಾಮು ಮೈಯಿಂದ ಬಲ ಕೇಳ್ತದೆ, ಊಟ ಬಲ ಕೊಡ್ತದೆ, ನಿದ್ದೆ ಬಲ ಕಟ್ತದೆ. ಮೂರರಲ್ಲಿ ಒಂದು ತಪ್ಪಿದರೂ ಗೋಡೆ ಏಳೋದಿಲ್ಲ ಕಣಪ್ಪ."

ಕರಿಗ ಅಗಿದ. ಅಕ್ಕ ಮುದ್ದೆ ಕಟ್ಟಿ ಕೊಟ್ಟಳು. ಮೊದಲ ನವಮಿಗೆ ತೋಳಬಂದಿ ಹಾಕಿದ. ಸರ್ರನೆ ಮುಂಗೈಗೆ ಜಾರಿತು. ಜನ ಘೊಳ್ಳನೆ ನಕ್ಕರು.

ಎರಡನೇ ವರ್ಷ ಇನ್ನೂ ಅಗಿದ. ಬಸ್ಕಿ ಐನೂರಕ್ಕೆ ಬಂತು. ಎರಡನೇ ನವಮಿಗೆ ಹಾಕಿದ. ಇನ್ನೂರು ಸುತ್ತು ನಿಂತ ಬಂದಿ ಆಮೇಲೆ ಮೊಣಕೈಗೆ ಜಾರಿತು. ಜನ ಆಗಲೂ ನಕ್ಕರು. ಹುಚ್ಚಯ್ಯ ಮಾತ್ರ ನಗಲಿಲ್ಲ. "ಮುಂಗೈಯಿಂದ ಮೊಣಕೈಗೆ ಬಂದಿದೆಯಲ್ಲೋ ಮಗನೇ! ಬರೋ ನವಮಿಗೆ ನೀನು ನಿಲ್ಲಬೇಡ. ಅದರಾಚೆ ವರ್ಷ ನಿಲ್ಲು. ತಾನಾಗೇ ತುಂಬ್ತದೆ," ಅಂದ.

ಕರಿಗನಿಗೆ ಕಿವಿಯಲ್ಲಿ ಕೇಳಿಸಿದ್ದು ಜನದ ನಗು ಮಾತ್ರ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳ್ತಾರಾ?

ಮೂರನೇ ನವಮಿಗೆ ಇನ್ನೊಂದು ತಿಂಗಳು ಇರುವಾಗ ಬಂದ ನೋಡಿ ಲೇಹ್ಯದ ಸೂರಪ್ಪ. ಹಣೆ ತುಂಬ ಗಂಧ, ಬಾಯಿ ತುಂಬ ಬೆಣ್ಣೆ. "ಇಪ್ಪತ್ತೊಂದು ದಿನ ನನ್ನ ಲೇಹ್ಯ ತಿನ್ನು. ಗುದ್ದಲಿ ಬೇಡ, ಬಸ್ಕಿ ಬೇಡ. ತೋಳು ಬಾಳೆಮರ ಆಗ್ತದೆ!" ಬೆಳ್ಳಗಿರೋದೆಲ್ಲ ಹಾಲು ಅಂತ ನಂಬಿದ ಕರಿಗ ಒಂದು ಭರಣಿ ತಂದು ಅಟ್ಟದ ಮೇಲಿಟ್ಟ.

ಮೊದಲ ವಾರ ತೋಳು ಉಬ್ಬಿತು. ಪುಟ್ಟೀರವ್ವ, "ಏನೋ ಇದು, ಮೈ ಕೆಂಡ ಆಗಿದೆ, ನಿಲ್ಲಿಸೋ," ಅಂದಳು. ಕರಿಗ ನಕ್ಕುಬಿಟ್ಟ.

ಎರಡನೇ ವಾರ ನಿದ್ದೆ ಹೋಯಿತು. ಕಣ್ಣು ಕೆಂಪಗಾಯಿತು. "ಕಾಲಿಗೆ ಬೀಳ್ತೀನಿ, ನಿಲ್ಲಿಸೋ," ಅಂದಳು. ಕರಿಗ ಗದರಿದ.

ಮೂರನೇ ವಾರ ಅವನ ಎದೆ ಹೊಡಕೊಳ್ಳೋದು ಅಂಗಿ ಮೇಲೇ ಕಾಣ್ತಿತ್ತು. "ನನ್ನಾಣೆ ಕಣೋ," ಅಂದಳು. ಕರಿಗ ಮುದ್ದೆ ತಟ್ಟೆ ಎತ್ತಿ ಗೋಡೆಗೆ ಹೊಡೆದ. ಲೇಹ್ಯ ತಿನ್ನೋ ಮುಂಚೆ ಒಂದು ದಿನವೂ ಅಕ್ಕನಿಗೆ ಎದುರಾಡದ ಹುಡುಗ! ಪುಟ್ಟೀರವ್ವ ಚೆಲ್ಲಿದ ಸಾರು ಒರೆಸಿದಳು. ಆಮೇಲೆ ಅವಳು ಏನೂ ಕೇಳಲಿಲ್ಲ. ಕೇಳದೆ ಇದ್ದೆನಲ್ಲ ಅಂತ ಸಾಯೋವರೆಗೂ ಅತ್ತಳು ಪಾಪ.

ಮೂರನೇ ನವಮಿ ಬಂತು. ಹುಚ್ಚಯ್ಯ ಅರಮನೆ ಬಾಗಿಲಲ್ಲಿ ಅಡ್ಡ ನಿಂತು, "ಇದು ಮಾಂಸ ಅಲ್ಲ ಕಣೋ, ಬಾವು. ವಾಪಸು ನಡಿ," ಅಂದ. ಕರಿಗ ಗುರುವನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದ. ತೋಳಬಂದಿ ಹಾಕಿದ. ಬಿಗಿಯಾಗಿ ಕೂತಿತು. ನಗುತ್ತಿದ್ದ ಜನವೇ ಈಗ ಜೈ ಅಂದರು. ರಾಜ ಸಿಂಹಾಸನದಿಂದ ಎದ್ದು ನಿಂತ.

ನೂರು ಸುತ್ತು ತಿರುಗಿಸಿದ, ಬಂದಿ ಜಾರಲಿಲ್ಲ. ಇನ್ನೂರು ಸುತ್ತು ತಿರುಗಿಸಿದ, ಆಗಲೂ ಜಾರಲಿಲ್ಲ. ಮುನ್ನೂರಕ್ಕೆ ಇನ್ನೆರಡು ಇರುವಾಗ ಗದೆ ಕೈಯಿಂದ ಬಿತ್ತು. ಹಿಂದೆಯೇ ಕರಿಗ ಬಿದ್ದ.

ಪುಟ್ಟೀರವ್ವ ಜನರ ನಡುವೆ ತೂರಿಕೊಂಡು ಓಡಿದಳು. ತಲೆಯನ್ನು ತೊಡೆ ಮೇಲೆ ಎತ್ತಿಕೊಂಡಳು.

"ಅಕ್ಕಾ, ಜಾರಲಿಲ್ಲ ಅಲ್ವಾ?" ಅಂದ.

"ಇಲ್ಲ ಕಂದ, ಜಾರಲಿಲ್ಲ."

"ತಟ್ಟೆ ಎಸೆದೆ ಅಕ್ಕಾ..."

"ಅದೇನು ದೊಡ್ಡದು ಬಿಡು, ಬೇರೆ ತಟ್ಟೆ ಇದೆ."

ಅಷ್ಟೇ. ಹೋಗಿಬಿಟ್ಟ. ಮನೆಗೆ ತಂದು ನೀರು ಹಾಕುವಾಗ ಬಾವು ಇಳಿದಿತ್ತು. ತೋಳಬಂದಿ ತಾನಾಗೇ ಜಾರಿ ಹಿತ್ತಿಲ ಕಲ್ಲಿನ ಮೇಲೆ ಬಿತ್ತು. ಹೂಂ ಅನ್ನೋ, ಯಾಕೆ ಸುಮ್ಮನಾದೆ? ಹೇಳೋ ನನಗೇ ಕಷ್ಟ ಆಗ್ತಿದೆ, ಕೇಳೋ ನಿನಗೇನು?

ರಾಜನಿಗೆ ಸಿಟ್ಟು ಬಂತು. ಹುಡುಗ ಯಾಕೆ ಸತ್ತ ಅಂತ ವಿಚಾರಣೆಗೆ ಕೂತ. ಸೂರಪ್ಪ ಕೈಮುಗಿದು, "ಪ್ರಭು, ನನ್ನ ಲೇಹ್ಯ ಅಮೃತ. ವರ್ಷಗಟ್ಟಲೆ ಮಣ್ಣು ಅಗಿಸಿ ಅಗಿಸಿ ಆ ಹುಚ್ಚಯ್ಯನೇ ಹುಡುಗನ ಎದೆ ಒಡೆದಿದ್ದಾನೆ," ಅಂದ. ಹುಚ್ಚಯ್ಯ ಏನೂ ಹೇಳಲಿಲ್ಲ. ಅಳುತ್ತ ಕೂತಿದ್ದ. ಮಾತಾಡದವನೇ ತಪ್ಪಿತಸ್ಥ ಅಂದುಕೊಂಡ ರಾಜ, ಮುದುಕನನ್ನು ಸೆರೆಗೆ ಹಾಕಿಸಿದ.

ಪುಟ್ಟೀರವ್ವ ಹದಿಮೂರು ದಿನ ಸೂತಕ ಕಳೆದಳು. ಹದಿನಾಲ್ಕನೇ ದಿನ ಎದ್ದು ರಾಜನ ಹತ್ತಿರ ಹೋದಳು. "ಬುದ್ಧಿ, ಲೇಹ್ಯ ಅಮೃತವಾದರೆ ಬಡವರೇ ಯಾಕೆ ತಿನ್ನಬೇಕು? ನಾಳೆ ರಾಜರೇ ತಿನ್ನುತ್ತಾರೆ, ಒಂದು ಭರಣಿ ತಾ ಅಂತ ಸೂರಪ್ಪನಿಗೆ ಹೇಳಿಕಳಿಸಿ. ನೀವು ಬಾಯಿಗೆ ಹಾಕೋ ಮುಂಚೆ ನನಗೆ ಒಂದು ಗಳಿಗೆ ಕೊಡಿ. ಅಷ್ಟೇ ಸಾಕು." ರಾಜ ಒಪ್ಪಿದ.

ಸುದ್ದಿ ಕೇಳಿ ಸೂರಪ್ಪ ಮನೆಗೆ ಓಡಿದ. ಲೇಹ್ಯದಲ್ಲಿ ಏನಿದೆ ಅಂತ ಅವನಿಗೆ ಗೊತ್ತಲ್ಲ! ರಾಜ ಸತ್ತರೆ ತಲೆ ಉಳಿಯುತ್ತಾ? ಬಾಗಿಲು ಹಾಕಿಕೊಂಡು ಖರ್ಜೂರ, ಬೆಲ್ಲ, ತುಪ್ಪ ಬೆರೆಸಿ ಕಾಯಿಸಿದ. ಅದನ್ನು ಅದೇ ಥರದ ಭರಣಿಗೆ ತುಂಬಿ ಆಸ್ಥಾನಕ್ಕೆ ತಂದ.

ಪುಟ್ಟೀರವ್ವ ಅಟ್ಟದ ಮೇಲಿದ್ದ ತಮ್ಮನ ಭರಣಿ ತಂದಿದ್ದಳು. ಅಂಗಳದ ಇರುವೆಗೂಡಿನ ಹತ್ತಿರ ಎರಡು ಎಲೆ ಹಾಸಿದಳು. ಒಂದಕ್ಕೆ ರಾಜನ ಲೇಹ್ಯ, ಇನ್ನೊಂದಕ್ಕೆ ತಮ್ಮನ ಲೇಹ್ಯ ಬಡಿಸಿದಳು.

"ಪಂಡಿತರೇ, ಎರಡೂ ಒಂದೇನಾ?"

"ಒಂದೇ ಒಲೆ, ಒಂದೇ ಕಡಾಯಿ, ಒಂದೇ ಪಾಕ ತಾಯಿ!"

ಇರುವೆಗಳು ಬಂದವು. ರಾಜನ ಎಲೆಗೆ ಸಾಲುಗಟ್ಟಿ ಮುತ್ತಿಕೊಂಡವು. ತಮ್ಮನ ಎಲೆಯ ಅಂಚಿಗೆ ಬಂದು ಮೂಸಿ ವಾಪಸು ಹೋದವು. ಒಂದಾದರೂ ಮೇಲೆ ಹತ್ತಲಿಲ್ಲ.

"ಇರುವೆಗೆ ಗೊತ್ತಾದದ್ದು ನನ್ನ ತಮ್ಮನಿಗೆ ಗೊತ್ತಾಗಲಿಲ್ಲ ಬುದ್ಧಿ," ಅಂದಳು ಪುಟ್ಟೀರವ್ವ. "ಎರಡೂ ಒಂದೇ ಅಂತಾರಲ್ಲ, ಪಂಡಿತರು ಈ ಎಲೆಯದನ್ನ ಒಂದು ಚಮಚ ತಿನ್ನಲಿ. ನಾನು ಹುಚ್ಚಯ್ಯನೇ ಕೊಂದ ಅಂತ ಒಪ್ಪಿಕೊಳ್ತೀನಿ."

ರಾಜ ತಾನೇ ಚಮಚ ತುಂಬಿ ಮುಂದೆ ಹಿಡಿದ. "ತಿನ್ನು," ಅಂದ. ಸೂರಪ್ಪ ಹಿಂದೆ ಸರಿದ. "ತಿನ್ನು!" ಅಂದ. ಸೂರಪ್ಪ ಗೋಡೆಗೆ ಒರಗಿದ. "ತಿನ್ನೋ!" ಅಂದ. ಸೂರಪ್ಪ ನೆಲಕ್ಕೆ ಬಿದ್ದು, "ವಿಷಬೇರು ಹಾಕಿದ್ದೆ ಪ್ರಭು, ನೀವು ಕೇಳಿದಿರಿ ಅಂತಲೇ ಬದಲಾಯಿಸಿದೆ," ಅಂತ ಬಡಬಡಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕಥೆಯೂ ಅದೇ ಆಯಿತು.

ಸೂರಪ್ಪನನ್ನು ಸರಪಳಿ ಹಾಕಿ ಎಳೆದುಕೊಂಡು ಹೋದರು. ಹುಚ್ಚಯ್ಯನನ್ನು ಬಿಟ್ಟರು. ಜನ ಮತ್ತೆ ಜೈ ಅಂದರು. ಜನಕ್ಕೇನು, ಎಲ್ಲದಕ್ಕೂ ಜೈ.

"ತಾಯಿ, ನಿನಗೆ ಏನು ಬೇಕೋ ಕೇಳು," ಅಂದ ರಾಜ.

ಪುಟ್ಟೀರವ್ವ ತಮ್ಮನ ಭರಣಿಯ ಬಾಯಿ ಮುಚ್ಚಿದಳು. "ವಿಷ ಅರೆದೋನು ಅವನು ಬುದ್ಧಿ. ಮೂರೇ ಸಲ ಅಂತ ಅವಸರ ಹಚ್ಚಿದೋರು ನೀವು. ಆ ಅಪ್ಪಣೆ ತೆಗೆಯಿರಿ, ಇನ್ನೊಬ್ಬಳ ಹುಡುಗ ಉಳಿಯಲಿ. ನನಗೇನೂ ಬೇಡ. ಬಂದಿ ಜಾರೋ ತೋಳೇ ನನಗೆ ಸಾಕಾಗಿತ್ತು. ಅದನ್ನ ಅವನಿಗೆ ಒಂದು ದಿನ ಹೇಳಬೇಕಾಗಿತ್ತು, ಹೇಳಲಿಲ್ಲ."

ರಾಜ ತಲೆ ತಗ್ಗಿಸಿದ. ಆವತ್ತಿಗೇ ಆ ಅಪ್ಪಣೆ ಹೋಯಿತು. ಕರಿಗ ಮಾತ್ರ ಬರಲಿಲ್ಲ.

ಅದಕ್ಕೇ ಹೇಳೋದು ಮಕ್ಕಳೇ: ದುಡಿದು, ಹೊತ್ತಿಗೆ ಸರಿಯಾಗಿ ಉಂಡು, ಕಣ್ತುಂಬ ಮಲಗಿ ಬಂದ ಬಲ ನಿಧಾನವಾಗಿ ಬರ್ತದೆ, ಬಂದದ್ದು ನಿಲ್ತದೆ. ಅವಸರದಲ್ಲಿ ಕೊಂಡುತಂದ ಬಲ ಆಳನ್ನೇ ತಿನ್ತದೆ. ಬಡಕಲ ಅಂತ ಯಾರನ್ನೂ ಆಡಿಕೊಳ್ಳಬೇಡಿ. ಆಡಿಕೊಂಡ ಆ ಹುಡುಗರ ಪಾಲೂ ಆ ಸಾವಿನಲ್ಲಿ ಇತ್ತು. ಅವರಿಗೆ ಮಾತ್ರ ಯಾರೂ ಶಿಕ್ಷೆ ಕೊಡಲಿಲ್ಲ.